ಆರು ಐವತ್ತರ ಗಾಡಿ

ಕಳೆದ ತಿಂಗಳು ಬೆಳಕವಾಡಿಯಲ್ಲಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೊರಟಿದ್ದೆ. ಮದ್ದೂರಿನಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಕಂಡಕ್ಟರ್ ಹುಡುಗಿ ಆಧಾರ್ ಕಾರ್ಡ್ ನೋಡಿ ದುಡ್ಡಿಲ್ಲದ ಟಿಕೆಟ್ ಕೊಟ್ಟಳು. ಮೂವತ್ತು ವರ್ಷ ಬಸ್ಸಿನ ಅನ್ನ ತಿಂದದ್ದು ಸಾಲದೆಂದು ಈಗ ಪ್ರಯಾಣವೂ ಬಿಟ್ಟಿ ಎಂದು ನನ್ನಷ್ಟಕ್ಕೆ ನಕ್ಕೆ. ಭಾರತೀನಗರ ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ಆ ವಾಸನೆ ಬಂತು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯಲು ಶುರು ಮಾಡಿದರೆ ಸುತ್ತಮುತ್ತೆಲ್ಲ ಕಾಕಂಬಿಯ ಸಿಹಿ ಹುಳಿ ವಾಸನೆ ಹಬ್ಬಿಕೊಳ್ಳುತ್ತದೆ. ಪಕ್ಕದ ಹೆಂಗಸು ಸೆರಗು ಮೂಗಿಗೆ ಹಿಡಿದುಕೊಂಡಳು. ನಾನು ಹಿಡಿದುಕೊಳ್ಳಲಿಲ್ಲ.

ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಾ ಸಾಲುಗಟ್ಟಿದ್ದವು. ಬಸ್ಸು ನಿಂತಿತು. ಡ್ರೈವರ್ ಎಂಜಿನ್ ಆರಿಸಿ, ಮೈ ಮುರಿದು, ಎರಡೂ ಅಂಗೈಯಿಂದ ಕಣ್ಣು ಉಜ್ಜಿಕೊಂಡ. ಜನ ಮೊಬೈಲ್ ತೆಗೆದರು. ನಾನು ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡೆ. ಕಣ್ಣು ಉಜ್ಜಿಕೊಳ್ಳುವ ಡ್ರೈವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ.

ಈಗ್ಗೆ ಒಂಬತ್ತು ವರ್ಷದ ಮಾತು. ಕಂಡಕ್ಟರ್ ಆಗಿ ಸೇರಿದ ನಾನು ಬಡ್ತಿ ಸಿಕ್ಕಿ ಇದೇ ದಾರಿಯ ಒಂದು ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದೆ. ಡಿಪೋ ಯಾವುದು, ಸಾಹೇಬರು ಯಾರು ಎಂದು ಬರೆಯುವುದಿಲ್ಲ. ಬರೆದರೆ ತಪ್ಪೆಲ್ಲ ಅವರದೆಂದು ಕಾಣುತ್ತದೆ, ನನ್ನದು ಸಣ್ಣದಾಗುತ್ತದೆ. ನನ್ನದು ಸಣ್ಣದಲ್ಲ.

ಕಂಟ್ರೋಲರ್ ಎಂದರೆ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಒಂದು ಮೇಜು, ಒಂದು ಕುರ್ಚಿ, ಗೋಡೆಗೊಂದು ಗಡಿಯಾರ, ಜನ ಬಂದು ಬಂದು ಕೇಳುವ ಒಂದು ಕಿಂಡಿ. ಬಸ್ಸು ಬಂದಾಗ ಅದರ ಲಾಗ್ ಶೀಟಿನಲ್ಲಿ ಬಂದ ಸಮಯ ಬರೆದು ಸಹಿ ಹಾಕಬೇಕು. ಕೆಲಸ ಇಷ್ಟೇ. ಆದರೆ ಆ ಸಹಿಯ ಹಿಂದೆ ಚಾಲಕರ ಕಾಯಿದೆ ಇತ್ತು. ದಿನಕ್ಕೆ ಎಂಟು ಗಂಟೆ ಕೆಲಸ. ಮೀರಿದರೆ ಮೀರಿದಷ್ಟು ಹೊತ್ತಿಗೆ ಎರಡರಷ್ಟು ಸಂಬಳ. ಅದನ್ನೇ ನಾವು ಓ.ಟಿ. ಅನ್ನುತ್ತಿದ್ದದ್ದು. ಒಂದು ದಿನದ ಡ್ಯೂಟಿ ಮುಗಿದು ಮರುದಿನದ್ದು ಶುರುವಾಗುವುದರ ನಡುವೆ ಒಂಬತ್ತು ಗಂಟೆ ಬಿಡುವು ಇರಲೇಬೇಕು. ಗಾಡಿ ತಡವಾಯಿತು ಎಂದು ಡ್ರೈವರ್ ಬಾಯಲ್ಲಿ ಹೇಳಿದರೆ ಡಿಪೋದಲ್ಲಿ ನಡೆಯುತ್ತಿರಲಿಲ್ಲ. ದಾರಿಯ ಕಂಟ್ರೋಲರ್ ನಿಜವಾದ ಸಮಯ, ತಡವಾದ ಕಾರಣ ಎರಡನ್ನೂ ಬರೆದುಕೊಟ್ಟರೆ ಮಾತ್ರ ಓ.ಟಿ. ಪಾಸಾಗುತ್ತಿತ್ತು, ಬೆಳಗಿನ ಗಾಡಿಯನ್ನು ತಡವಾಗಿ ಹೊರಡಿಸಲು ಒಪ್ಪಿಗೆ ಸಿಗುತ್ತಿತ್ತು. ಅಂದರೆ ಆ ದಾರಿಯ ಡ್ರೈವರುಗಳ ದುಡಿಮೆಯೂ ನಿದ್ದೆಯೂ ನನ್ನ ಪೆನ್ನಿನ ತುದಿಯಲ್ಲಿತ್ತು.

ನಾನು ಸೇರಿದ ಮೊದಲ ಕಬ್ಬಿನ ಕಾಲದಲ್ಲಿ ಗಡಿಯಾರ ನೋಡಿಯೇ ಬರೆದೆ. ತಿಂಗಳು ತುಂಬುವ ಮುಂಚೆ ಡಿಪೋದಿಂದ ಫೋನು ಬಂತು. “ಎಲ್ಲಾ ಸ್ಟ್ಯಾಂಡಿನಲ್ಲೂ ಸರಿಯಾದ ಟೈಮಿಗೆ ಬರುವ ಗಾಡಿಗಳು ನಿಮ್ಮಲ್ಲಿ ಮಾತ್ರ ಯಾಕಮ್ಮ ತಡ?” ಎಂದರು ಸಾಹೇಬರು. ಜೊತೆಗೆ, ತಡವೇಕೆ ಎಂದು ಡ್ರೈವರುಗಳಿಗೆ ಒಬ್ಬೊಬ್ಬರಿಗೂ ಮೆಮೊ. ಮೆಮೊ ಸಿಕ್ಕಿದವರು ನೇರ ನನ್ನ ಕಿಂಡಿಗೇ ಬಂದರು. “ನಿಮ್ ಗಡಿಯಾರದಿಂದ ನಮ್ಗೆ ಕುತ್ತಿಗ್ಗೆ ಬಂತು ಕಣಕ್ಕ. ಫಾರಂ ಟೈಮೇ ಆಕ್ಬುಡಿ, ಯಾರ್ಗೂ ತಕರಾರಿಲ್ಲ,” ಎಂದರು. ಫಾರಂ ಟೈಮ್ ಎಂದರೆ ವೇಳಾಪಟ್ಟಿಯಲ್ಲಿ ಅಚ್ಚಾಗಿರುವ ಸಮಯ. ಬೇರೆ ನಿಲ್ದಾಣಗಳಲ್ಲಿ ಎಲ್ಲರೂ ಅದನ್ನೇ ಹಾಕುತ್ತಿದ್ದರು ಎಂದು ಆಮೇಲೆ ತಿಳಿಯಿತು. ನಾನೂ ಹಾಕಿದೆ. ಸಾಹೇಬರಿಗೆ ಸಂತೋಷ, ಡ್ರೈವರುಗಳಿಗೆ ನೆಮ್ಮದಿ, ನನಗೆ ಒಳ್ಳೆಯ ಹೆಂಗಸು ಎಂಬ ಹೆಸರು. ಸಾವಿತ್ರಕ್ಕ ಇದ್ದರೆ ಮೆಮೊ ಇಲ್ಲ ಎಂದು ಮಂಡ್ಯದ ತನಕ ಮಾತಿತ್ತು. ಆ ಹೆಸರು ನನಗೆ ಬಲು ಹಿಡಿಸಿಬಿಟ್ಟಿತು.

ಕಬ್ಬಿನ ಕಾಲದಲ್ಲಿ ಗೋಡೆಯ ಗಡಿಯಾರದ ಕಡೆಗೆ ತಲೆಯೆತ್ತಿ ನೋಡುವುದನ್ನೇ ನಾನು ಬಿಟ್ಟಿದ್ದೆ. ಬೆಳಕವಾಡಿಗೆ ಹೋಗುವ ಕೊನೆಯ ಗಾಡಿ ಎಷ್ಟು ಹೊತ್ತಿಗಾದರೂ ಬರಲಿ, ಶೀಟಿನಲ್ಲಿ ಆರು ಐವತ್ತು. ಆ ಗಾಡಿಯ ಡ್ರೈವರ್ ಮರಿಸ್ವಾಮಿ.

ಮರಿಸ್ವಾಮಿಯದು ಬೆಳಕವಾಡಿಯೇ. ಗಾಡಿ ರಾತ್ರಿ ಅಲ್ಲಿಯೇ ನಿಲ್ಲುತ್ತಿದ್ದರಿಂದ ಮನೆಗೆ ಹೋಗಿ ಮಲಗಬಹುದು ಎಂದು ಆ ಡ್ಯೂಟಿಯನ್ನು ಕೇಳಿ ಪಡೆದಿದ್ದ. ಮಧ್ಯಾಹ್ನ ಒಂದಕ್ಕೆ ಗಾಡಿ ಹತ್ತಿದರೆ ಎಂಟೂಕಾಲಿಗೆ ಬೆಳಕವಾಡಿ ಸೇರಬೇಕು, ಬೆಳಗಿನ ಐದೂಕಾಲಿಗೆ ಮತ್ತೆ ಹೊರಡಬೇಕು. ಲೆಕ್ಕ ಹಾಕಿದರೆ ಸರಿಯಾಗಿ ಒಂಬತ್ತು ಗಂಟೆ. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡರೆ ಆ ಒಂಬತ್ತರಲ್ಲಿ ಒಂದೂವರೆ ಗಂಟೆ ರಸ್ತೆಯಲ್ಲೇ ಹೋಗುತ್ತಿತ್ತು. ಆ ವರ್ಷ ಡ್ರೈವರುಗಳು ಕಡಿಮೆ, ಬದಲಿಗೆ ಯಾರೂ ಸಿಗುತ್ತಿರಲಿಲ್ಲ. ಮಧ್ಯಾಹ್ನ ಡಿಪೋಗೆ ಬಂದವನು ಊಟ ಮಾಡಿ ಮತ್ತೆ ಅದೇ ಗಾಡಿ ಹತ್ತುತ್ತಿದ್ದ.

ಅವನು ಹಾರ್ನ್ ಹೊಡೆಯುವುದೇ ಅಪರೂಪ. ಸೀಟಿನ ಕೆಳಗೆ ಒಂದು ಹಳದಿ ಬಟ್ಟೆ ಇಟ್ಟುಕೊಂಡು ಎಲ್ಲಿ ನಿಂತರೂ ಎದುರಿನ ಗಾಜು ಒರೆಸುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಪಘಾತ ಇಲ್ಲ. “ಒಂದು ಕೋಳಿಮರಿಗೂ ಮುಟ್ಸಿಲ್ಲ ಕಣಕ್ಕ,” ಎಂದು ಹೇಳಿಕೊಳ್ಳುವಾಗ ಮಾತ್ರ ಆ ಮನುಷ್ಯನಿಗೆ ಸ್ವಲ್ಪ ಜಂಬ ಬರುತ್ತಿತ್ತು. ಅಪಘಾತವಿಲ್ಲದ ಚಾಲಕರಿಗೆ ಕೊಡುವ ಪದಕಕ್ಕೆ ಆ ವರ್ಷ ಅವನ ಹೆಸರು ಹೋಗಿತ್ತು. ಜನವರಿ ಇಪ್ಪತ್ತಾರರಂದು ಕೊಡುವುದು. ಹಾಕಿಕೊಳ್ಳಲು ಹೊಸ ಖಾಕಿ ಹೊಲಿಸಿದ್ದೇನೆ ಎಂದು ಕಂಡಕ್ಟರ್ ಲೋಕೇಶನ ಮುಂದೆ ಹೇಳಿದ್ದನಂತೆ. ಲೋಕೇಶ ಅದನ್ನು ಇಡೀ ಸ್ಟ್ಯಾಂಡಿಗೆ ಸಾರಿದ್ದ. ಎಲ್ಲರೂ ಸೇರಿ ಮದುಮಗ ಎಂದು ರೇಗಿಸುತ್ತಿದ್ದರು, ನಾನೂ ರೇಗಿಸಿದ್ದೆ.

ಸಂಕ್ರಾಂತಿ ಕಳೆದ ವಾರ. ಬೆಳಿಗ್ಗೆ ಮಂಜು, ಸಂಜೆಯಾದರೆ ಕೊರೆಯುವ ಗಾಳಿ, ದಿನವಿಡೀ ಕಾಕಂಬಿ ವಾಸನೆ. ಆ ದಿನ ಕಾರ್ಖಾನೆಯ ಹತ್ತಿರ ಕಬ್ಬಿನ ಲಾರಿಯೊಂದರ ಅಚ್ಚು ಮುರಿದು ರಸ್ತೆ ಕಟ್ಟಿಹೋಗಿತ್ತು. ಕಾಲೇಜು ಮಕ್ಕಳು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಎಲ್ಲ ನನ್ನ ಕಿಂಡಿಯ ಮುಂದೆ ನಿಂತು ಜಗಳ ಆಡಿದರು. ಕೊನೆಗೂ ಗಾಡಿ ಬಂತು. ಸಾಮಾನ್ಯವಾಗಿ ಲಾಗ್ ಶೀಟು ತರುತ್ತಿದ್ದದ್ದು ಲೋಕೇಶ. ಆ ದಿನ ಮರಿಸ್ವಾಮಿಯೇ ಇಳಿದು ಬಂದ.

“ಅಕ್ಕ, ಇವತ್ತೊಂದಿನ ನಿಜವಾದ ಟೈಮೇ ಬರ್ದ್ಕೊಡಿ,” ಎಂದ.

“ಯಾಕಪ್ಪ, ಓ.ಟಿ. ಮೇಲೆ ಆಸೆ ಬಂತಾ?” ಎಂದೆ.

“ಓ.ಟಿ. ಮನೆ ಆಳಾಗೋಗ್ಲಿ. ನಾನು ಊರು ಸೇರೋದ್ರೊಳ್ಗೆ ಒಂಬತ್ತೂವರೆ ದಾಟ್ತದೆ. ನೀವು ಬರ್ದ್ಕೊಟ್ರೆ ಬೆಳಿಗ್ಗೆ ಗಾಡಿನ ಒಂದು ಗಂಟೆ ಬುಟ್ಟು ಎತ್ಬೋದು. ನಾಕು ದಿನದಿಂದ ಕಣ್ಣು ಎಳೀತಾ ಅವೆ ಕಣಕ್ಕ. ನೆನ್ನೆ ಮಳವಳ್ಳಿ ತಾವ ಒಂದು ಸ್ಟಾಪು ಅಂಗೇ ದಾಟ್ಬುಟ್ಟಿದ್ದೆ, ಲೋಕೇಶ ವಿಸಿಲ್ ಆಕುದ್ಮೇಲೆ ಗ್ಯಾನ ಬಂತು.”

ಅವನು ಬೇಡಿಕೊಳ್ಳಲಿಲ್ಲ. ಕಣ್ಣು ಕೆಂಪಾಗಿತ್ತು, ಎರಡೂ ಅಂಗೈಯಿಂದ ಉಜ್ಜಿಕೊಂಡ. ನಾನು ಏನು ಯೋಚಿಸಿದೆ ಎಂಬುದನ್ನು ಈಗಲೂ ಒಂದೊಂದಾಗಿ ಹೇಳಬಲ್ಲೆ. ಬೆಳಗಿನ ಐದೂಕಾಲರ ಗಾಡಿ ತಡವಾದರೆ ಕಾಲೇಜು ಮಕ್ಕಳ ಅಪ್ಪಂದಿರು ಡಿಪೋಗೆ ಫೋನ್ ಮಾಡುತ್ತಾರೆ. ಸಾಹೇಬರು ನನಗೆ ಮಾಡುತ್ತಾರೆ. ಎರಡು ತಿಂಗಳಿಂದ ದಿನವೂ ಆರು ಐವತ್ತು ಎಂದಿರುವ ಶೀಟಿನಲ್ಲಿ ಒಂದೇ ದಿನ ಒಂದೂಕಾಲು ಗಂಟೆಗೂ ಹೆಚ್ಚು ತಡ ಎಂದರೆ, ಉಳಿದ ದಿನಗಳದ್ದೂ ತೆಗೆದು ನೋಡುತ್ತಾರೆ. ಇಷ್ಟೆಲ್ಲ ಯೋಚಿಸಿದವಳಿಗೆ ಎದುರಿಗೆ ನಿಂತ ಮನುಷ್ಯನ ಕಣ್ಣು ಮಾತ್ರ ಯೋಚನೆಗೆ ಬರಲಿಲ್ಲ.

“ನಾಳೆ ನಾನೇ ಸಾಹೇಬರ ಹತ್ರ ಮಾತಾಡಿ ನಿಂಗೆ ಎರಡು ದಿನ ರಜಾ ಕೊಡುಸ್ತೀನಿ. ಈಗ ಒಸಿ ಟೀ ಕುಡಿ, ನಿದ್ದೆ ಎಲ್ಲಾ ಓಡೋಯ್ತದೆ,” ಎಂದೆ.

ಹೋಟೆಲಿಗೆ ಕೂಗಿ ಸ್ಟ್ರಾಂಗ್ ಟೀ, ಬಿಸಿ ಮದ್ದೂರು ವಡೆ ತರಿಸಿದೆ. ದುಡ್ಡು ನಾನೇ ಕೊಟ್ಟೆ. ಅವನು ನಿಂತುಕೊಂಡೇ ಟೀ ಕುಡಿದ. ವಡೆಯನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ನಾನು ಶೀಟು ಎಳೆದುಕೊಂಡು ಆರು ಐವತ್ತು ಎಂದು ಬರೆದು ಸಹಿ ಹಾಕಿದೆ. ಅವನು ಅದನ್ನು ನೋಡಿದ. “ಆಗ್ಲಿ ಬುಡಿ,” ಎಂದು ಹೇಳಿ, ಹಳದಿ ಬಟ್ಟೆಯಿಂದ ಗಾಜು ಒರೆಸಿ ಗಾಡಿ ಎತ್ತಿದ. ಒಬ್ಬ ದಣಿದವನಿಗೆ ಟೀ ಕುಡಿಸಿ ಕಳಿಸಿದೆ ಎಂದು ಆ ರಾತ್ರಿ ನಾನು ತೃಪ್ತಿಯಿಂದಲೇ ಮಲಗಿದೆ.

ಮರುದಿನ ಬೆಳಿಗ್ಗೆ ಆರಕ್ಕೆ ಫೋನು ಬಂತು. ಬೆಳಕವಾಡಿಗೂ ಮಳವಳ್ಳಿಗೂ ನಡುವೆ ಒಂದು ತಿರುವಿನಲ್ಲಿ ಬಸ್ಸು ಕಬ್ಬಿನ ಎತ್ತಿನ ಗಾಡಿಗೆ ಹಿಂದಿನಿಂದ ಗುದ್ದಿತ್ತು. ಒಂದು ಎತ್ತು ಅಲ್ಲೇ ಸತ್ತಿತು. ಗಾಡಿ ಹೊಡೆಯುತ್ತಿದ್ದ ಮುದುಕನ ತೋಳು ಮುರಿದಿತ್ತು. ಬಸ್ಸಿನೊಳಗೆ ನಾಲ್ಕಾರು ಜನಕ್ಕೆ ಹಣೆ, ಮೂಗು ಒಡೆದಿತ್ತು. ಮರಿಸ್ವಾಮಿಗೆ ಒಂದು ತರಚು ಗಾಯವೂ ಇರಲಿಲ್ಲ. ಜನ ಬೈಯುತ್ತಿದ್ದರೂ ಅವನು ರಸ್ತೆಯ ಮೇಲೆ ಎತ್ತಿನ ತಲೆಯ ಪಕ್ಕ ಕೂತವನು ಪೊಲೀಸರು ಬರುವ ತನಕ ಏಳಲಿಲ್ಲ ಎಂದು ಲೋಕೇಶ ಹೇಳಿದ. ಅವನ ಜೇಬಿನಲ್ಲಿ ನಾನು ಕೊಡಿಸಿದ ವಡೆ ಇನ್ನೂ ಹಾಗೇ ಇತ್ತಂತೆ. ಮನೆ ತಲುಪಿದವನಿಗೆ ತಿನ್ನುವ ತ್ರಾಣವೂ ಇರಲಿಲ್ಲವೋ, ಇಲ್ಲ ಮರೆತನೋ, ನಾನು ಯಾವತ್ತೂ ಕೇಳಲಿಲ್ಲ.

ವಿಚಾರಣೆ ನಡೆದದ್ದು ಮಂಡ್ಯದಲ್ಲಿ, ಬಿಸಿಲು ಏರಿದ ಫೆಬ್ರವರಿಯ ಒಂದು ಮಧ್ಯಾಹ್ನ. ಅಷ್ಟು ಹೊತ್ತಿಗೆ ಪದಕದ ದಿನ ಕಳೆದುಹೋಗಿತ್ತು. ಉದ್ದ ಮೇಜಿನ ಆಚೆ ವಿಚಾರಣಾಧಿಕಾರಿ, ಈಚೆ ಮರಿಸ್ವಾಮಿ. ಸಾಕ್ಷಿಗೆ ಕರೆಸಿದ್ದ ನಾನು ಪಕ್ಕದ ಕುರ್ಚಿಯಲ್ಲಿ, ನನ್ನ ಮುಂದೆ ಆ ಶೀಟು. ಮರಿಸ್ವಾಮಿ ಆ ಹೊಸ ಖಾಕಿಯನ್ನೇ ಹಾಕಿಕೊಂಡು ಬಂದಿದ್ದ. ಅದರ ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ. ನನಗೆ ಅವನ ಮುಖ ನೋಡಲಾಗಲಿಲ್ಲ, ಆ ಗೆರೆಯನ್ನೇ ನೋಡುತ್ತಾ ಕೂತೆ.

“ಅಪಘಾತ ಹೇಗಾಯಿತು?” ಎಂದು ಅಧಿಕಾರಿ ಕೇಳಿದರು.

“ಕಣ್ಣು ಮುಚ್ಕಂಡೋದ್ವು ಸಾ. ನಿದ್ದೆ ಇರ್ನಿಲ್ಲ,” ಎಂದ. ಬೇರೆ ಯಾರಾದರೂ ಆಗಿದ್ದರೆ ಬ್ರೇಕು ಹಿಡಿಯಲಿಲ್ಲ, ಮಂಜಿತ್ತು ಎನ್ನುತ್ತಿದ್ದರು.

“ಹಿಂದಿನ ಸಂಜೆ ಗಾಡಿ ದಾರಿಯಲ್ಲಿ ಸರಿಯಾದ ಸಮಯಕ್ಕೆ ಹೋಗಿದೆ. ನಿಮಗೆ ಒಂಬತ್ತು ಗಂಟೆ ಬಿಡುವು ಸಿಕ್ಕಿದೆ. ಒಂಬತ್ತು ಗಂಟೆಯಲ್ಲಿ ಮಲಗದೆ ಏನು ಮಾಡುತ್ತಿದ್ದಿರಿ?”

ಉತ್ತರಕ್ಕೆ ಕಾಯದೆ ಅಧಿಕಾರಿ ನನ್ನ ಕಡೆ ತಿರುಗಿದರು. ಈ ಕೈಬರಹ ನಿಮ್ಮದೇ? ನನ್ನದೇ. ಈ ಸಹಿ ನಿಮ್ಮದೇ? ನನ್ನದೇ. ಗಾಡಿ ಆರು ಐವತ್ತಕ್ಕೆ ಬಂದಿತ್ತೇ?

ಈ ಪ್ರಶ್ನೆ ಬರುತ್ತದೆಂದು ಹಿಂದಿನ ರಾತ್ರಿಯೇ ಗೊತ್ತಿತ್ತು. ನಿಜ ಹೇಳಿದರೆ ಆ ಒಂದು ದಿನದ್ದಲ್ಲ, ನಾನು ಕೂತ ಅಷ್ಟೂ ಕಬ್ಬಿನ ಕಾಲದ ಸಮಯ ಸುಳ್ಳೆಂದು ಒಪ್ಪಿಕೊಂಡ ಹಾಗೆ. ಸುಳ್ಳು ದಾಖಲೆ ಬರೆದವರಿಗೆ ಅಮಾನತು. ನಿವೃತ್ತಿಗೆ ನಾಲ್ಕು ವರ್ಷ ಉಳಿದಿತ್ತು. ಅದಕ್ಕಿಂತಲೂ, ಒಳ್ಳೆಯ ಹೆಂಗಸು ಎಂಬ ಹೆಸರು ಹೋಗುತ್ತದಲ್ಲ ಎಂದು ಹೆದರಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹೆದರಿದ್ದು ಅದಕ್ಕೇ. ಲೋಕೇಶನ ಟಿಕೆಟ್ ಮಷೀನಿನಲ್ಲಿ ಪ್ರತಿ ಟಿಕೆಟ್ಟಿನ ಸಮಯ ಇತ್ತು. ತೆಗೆದು ನೋಡಿ ಎಂದು ಒಂದು ಮಾತು ಹೇಳಿದ್ದರೂ ಸಾಕಿತ್ತು. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ.

“ಶೀಟಿನಲ್ಲಿ ಹಾಗೇ ಬರೆದಿದೆ ಸರ್,” ಎಂದೆ.

ಸಾಕ್ಷಿಯನ್ನು ಪ್ರಶ್ನೆ ಕೇಳುವ ಹಕ್ಕು ಆಪಾದನೆ ಹೊತ್ತವನಿಗೆ ಇರುತ್ತದೆ. ಅಧಿಕಾರಿ ಅವನನ್ನು ಕೇಳಿದರು, “ಇವರನ್ನು ಏನಾದರೂ ಕೇಳುವುದಿದೆಯೇನಪ್ಪ?” ನನಗೆ ಕೇಳಲಿ ಎಂದೂ ಇತ್ತು, ಬೇಡ ಎಂದೂ ಇತ್ತು. ಕೇಳಿದ್ದರೆ ಬಹುಶಃ ನಿಜ ಹೊರಗೆ ಬಂದುಬಿಡುತ್ತಿತ್ತು. ಮರಿಸ್ವಾಮಿ ನನ್ನ ಕಡೆ ನೋಡಿದ. ಆ ಸಂಜೆ ಶೀಟು ನೋಡಿದನಲ್ಲ, ಅದೇ ನೋಟ.

“ಏನಿಲ್ಲ ಸಾ. ಅಕ್ಕ ಬರ್ದವ್ರೆ ಅಂದ್ಮೇಲೆ ಅಷ್ಟೇಯ,” ಎಂದ.

ನಿರ್ಲಕ್ಷ್ಯದ ಚಾಲನೆ ಎಂದು ತೀರ್ಮಾನವಾಯಿತು. ಕೆಲಸದಿಂದ ತೆಗೆಯಲಿಲ್ಲ. ವರ್ಷದ ಸಂಬಳ ಏರಿಕೆ ಕತ್ತರಿಸಿ, ಸ್ಟೀರಿಂಗಿನಿಂದ ಇಳಿಸಿ, ಡಿಪೋದ ಗೇಟಿನಲ್ಲಿ ಕೂರಿಸಿದರು. ಬಸ್ಸುಗಳು ಹೊರಗೆ ಹೋದ, ಒಳಗೆ ಬಂದ ಸಮಯ ಬರೆದುಕೊಳ್ಳುವುದು ಕೆಲಸ. ಅವನಿಗಿಂತ ಮುಂಚೆ ಅಲ್ಲಿದ್ದವರು ಲಾಗ್ ಶೀಟು ನೋಡಿ ನಕಲು ಮಾಡುತ್ತಿದ್ದರು. ಮರಿಸ್ವಾಮಿ ಗಡಿಯಾರ ನೋಡಿ ಬರೆದ. ಐದು ವರ್ಷದ ಗೇಟು ಪುಸ್ತಕಗಳಲ್ಲಿ ಒಂದು ನಿಮಿಷ ಆಚೀಚೆ ಆಗಲಿಲ್ಲ ಎಂದು ಡಿಪೋದವರು ಇವತ್ತಿಗೂ ಹೇಳುತ್ತಾರೆ. ಆ ಪುಸ್ತಕಗಳನ್ನೇ ಹಿಡಿದುಕೊಂಡು ಹೋಗಿ ಡ್ರೈವರುಗಳು ಓ.ಟಿ. ಕೇಳಿದರು, ಒಂದೊಂದಾಗಿ ಪಾಸಾಗತೊಡಗಿತು. ಬೆಳಗಿನ ಗಾಡಿ ತಡವಾಗಿ ಹೊರಡುವುದನ್ನೂ ಒಪ್ಪಿಕೊಂಡರು. ನಾನು ಸಾಹೇಬರ ಒಂದು ಫೋನಿಗೆ ಹೆದರಿ ಮಾಡದೆ ಬಿಟ್ಟದ್ದನ್ನು ಅವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಾಡಿದ. ಅವನಿಗೆ ಮಾತ್ರ ಅದರಿಂದ ಏನೂ ಬರಲಿಲ್ಲ.

ಆ ಗೇಟನ್ನು ನಾನು ನೂರಾರು ಸಲ ದಾಟಿದ್ದೇನೆ. ಪ್ರತಿ ಸಲವೂ ಅವನು “ಚೆನ್ನಾಗಿದ್ದೀರಾ ಅಕ್ಕ” ಎನ್ನುತ್ತಿದ್ದ. ನಾನು ಹೂಂ ಎಂದು ಬೇಗ ಬೇಗ ನಡೆದುಬಿಡುತ್ತಿದ್ದೆ. ನನ್ನ ನಿವೃತ್ತಿಗೆ ಹಾರ ಹಾಕಿ, ಯಾರಿಗೂ ತೊಂದರೆ ಕೊಡದ ಹೆಣ್ಣುಮಗಳು ಎಂದು ಭಾಷಣ ಮಾಡಿದರು. ಮರಿಸ್ವಾಮಿ ಬಾಗಿಲ ಹತ್ತಿರ ನಿಂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ಮರುವರ್ಷ ಅವನೂ ನಿವೃತ್ತನಾದ. ನಾನು ಹೋಗಲಿಲ್ಲ. ನಮ್ಮೂರು ಚಿಕ್ಕರಸಿನಕೆರೆ, ಬೆಳಕವಾಡಿಗೆ ಬಹಳ ದೂರವೇನಲ್ಲ. ಆದರೂ ಆ ಕಡೆಯ ಮದುವೆ, ತಿಥಿ ಏನಿದ್ದರೂ ಮಂಡಿನೋವು ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಈ ಸಲ ತಪ್ಪಿಸಿಕೊಳ್ಳಲಿಲ್ಲ. ಟ್ರ್ಯಾಕ್ಟರುಗಳು ಸರಿದು ನಮ್ಮ ಬಸ್ಸು ಹೊರಟಾಗ ಮುಕ್ಕಾಲು ಗಂಟೆ ಕಳೆದಿತ್ತು. ಆ ಮುಕ್ಕಾಲು ಗಂಟೆ ಕಾಕಂಬಿ ವಾಸನೆಯಲ್ಲಿ ಕೂತವಳಿಗೆ, ಹೇಳದೆ ಇಟ್ಟುಕೊಂಡು ಸಾಯುವುದು ಬೇಡ ಅನ್ನಿಸಿತು. ಮರುದಿನ ನಿಶ್ಚಿತಾರ್ಥದ ಊಟ ಮುಗಿಸಿ, ದಾರಿ ಕೇಳಿಕೊಂಡು ಅವನ ಮನೆಗೆ ಹೋದೆ. ರಸ್ತೆ ಬದಿಯ ಹೆಂಚಿನ ಮನೆ. ಮರಿಸ್ವಾಮಿ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು.

“ಅಯ್ಯೋ ಅಕ್ಕ, ಬನ್ನಿ ಬನ್ನಿ, ಕುಂತ್ಕಳಿ. ಲೇ, ಯಾರ್ ಬಂದವ್ರೆ ನೋಡಮ್ಮಿ, ಟೀ ಇಡು,” ಎಂದು ಹೆಂಡತಿಯನ್ನು ಕೂಗಿದ.

ನಾನು ಕೂತೆ. ಮಂಡಿನೋವು, ಮಳೆ, ಅವನ ಮಗಳ ಮನೆ, ಎಲ್ಲವನ್ನೂ ಮಾತಾಡಿದೆವು. ಟೀ ಬಂತು. ಲೋಟ ಕೈಗೆ ತೆಗೆದುಕೊಂಡೆ, ಕುಡಿಯಲಾಗಲಿಲ್ಲ, ಕೆಳಗಿಟ್ಟೆ.

“ಮರಿಸ್ವಾಮಿ, ಅವತ್ತು ನೀನು ಕೇಳ್ದೆ. ನಾನು ಬರೀನಿಲ್ಲ. ಮಂಡ್ಯದಲ್ಲೂ ಬಾಯಿ ಬಿಡ್ನಿಲ್ಲ. ನಿನ್ನ ಗಾಡಿ ಆರು ಐವತ್ತಕ್ಕೆ ಬರ್ನಿಲ್ಲ ಕಣಪ್ಪ. ಎಂಟು ಹತ್ತಕ್ಕೆ ಬಂತು,” ಎಂದೆ. ಅಷ್ಟು ಹೇಳುವುದರೊಳಗೆ ನನಗೆ ಅಳು ಬಂದುಬಿಟ್ಟಿತು.

ಅವನು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದ. ನನ್ನನ್ನು ನೋಯಿಸಬಾರದು ಎಂಬಷ್ಟು ಮೆಲ್ಲಗೆ ಹೇಳಿದ:

“ಎಂಟು ಅನ್ನೆರಡು ಕಣಕ್ಕ.”